ಲ್ಯಾಪ್‌ಟಾಪ್ ಎನ್‌ಕ್ರಿಪ್ಟ್ ಆಗಿದೆ, ಸರಿ. ಆಫ್ ಮಾಡ್ತೀರಾ?

ಡಿಸ್ಕ್ ಎನ್‌ಕ್ರಿಪ್ಟ್ ಮಾಡಿದ್ದೇನೆ (ಕೀ ಇಲ್ಲದೆ ಯಾರೂ ಓದಲಾಗದಂತೆ ಮಾಡಿದ್ದೇನೆ), ಇನ್ನು ಲ್ಯಾಪ್‌ಟಾಪ್ ಕಳುವಾದರೂ ಫೈಲುಗಳು ಯಾರ ಕೈಗೂ ಸಿಗುವುದಿಲ್ಲ ಅಂತ ನಾನೂ ಬಹಳ ದಿನ ಆರಾಮಾಗಿದ್ದೆ. ಕೆಲಸ ಮುಗಿದರೆ ಸುಮ್ನೆ ಮುಚ್ಚಿ ಬ್ಯಾಗಿಗೆ ಹಾಕುತ್ತಿದ್ದೆ. ಎಡವಟ್ಟು ಅಲ್ಲೇ ಇತ್ತು.

ಮುಚ್ಚಿದ ಲ್ಯಾಪ್‌ಟಾಪ್ ಆಫ್ ಆಗಿರುವುದಿಲ್ಲ, ಸ್ಲೀಪ್‌ನಲ್ಲಿರುತ್ತದೆ. ಡಿಸ್ಕ್ ತೆರೆಯುವ ಕೀ ಆಗಲೂ ಸಾಮಾನ್ಯವಾಗಿ ತಾತ್ಕಾಲಿಕ ಮೆಮೊರಿಯಾದ ರ‍್ಯಾಮ್‌ನಲ್ಲೇ ಇರುತ್ತದೆ. ಕರೆಂಟ್ ತೆಗೆದರೆ ರ‍್ಯಾಮ್ ತಕ್ಷಣ ಖಾಲಿ ಅಂದುಕೊಂಡಿರುತ್ತೇವೆ, ಅಲ್ವಾ? 2008ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು ಕೀಬೋರ್ಡಿನ ಧೂಳು ಊದುವ ಸ್ಪ್ರೇ ಡಬ್ಬಿಯನ್ನು ತಲೆಕೆಳಗು ಮಾಡಿ ರ‍್ಯಾಮ್ ಚಿಪ್ಪುಗಳ ಮೇಲೆ ಹೊಡೆದರು. ಮೈನಸ್ 50 ಡಿಗ್ರಿಗೆ ತಣ್ಣಗಾದ ಚಿಪ್ಪಿನಲ್ಲಿ, ಕರೆಂಟ್ ಇಲ್ಲದೆ 10 ನಿಮಿಷ ಕಳೆದರೂ, ನೂರರಲ್ಲಿ ಒಂದು ಪಾಲಿನಷ್ಟೂ ಡೇಟಾ ಅಳಿಸಿರಲಿಲ್ಲ. ಹಾಗೆ ಉಳಿದ ಡೇಟಾದಲ್ಲಿ ಕೀ ಹುಡುಕಿ, ಡಿಸ್ಕ್ ಎನ್‌ಕ್ರಿಪ್ಟ್ ಮಾಡುವ ಬಿಟ್‌ಲಾಕರ್ (ವಿಂಡೋಸ್‌ನದು), ಫೈಲ್‌ವಾಲ್ಟ್ (ಮ್ಯಾಕ್‌ನದು), ಟ್ರೂಕ್ರಿಪ್ಟ್ ಎಲ್ಲವನ್ನೂ ತೆರೆದರು. ಎನ್‌ಕ್ರಿಪ್ಶನ್ ಲೆಕ್ಕವನ್ನು ಯಾರೂ ಮುರಿಯಲಿಲ್ಲ, ಮುರಿಯುವ ಅಗತ್ಯವೇ ಬರಲಿಲ್ಲ. ಈಗ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಹಾಗಾಗಿ ಕಿತ್ತು ಬೇರೆ ಮೆಷಿನ್‌ಗೆ ಹಾಕಿ ಓದುವುದು ಕಷ್ಟ. ಆದರೂ ಅದನ್ನೇ ನಂಬಿ ಕೂರಬೇಡಿ.

ಹಾಗಾಗಿ ಮೊದಲು ಸ್ಲೀಪ್ ಬಿಡಿ. ವಿಂಡೋಸ್‌ನಲ್ಲಿ ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಶನ್ಸ್‌ಗೆ ಹೋಗಿ, ಲ್ಯಾಪ್‌ಟಾಪ್ ಮುಚ್ಚಿದಾಗ ಏನಾಗಬೇಕು ಅನ್ನುವ ಕಡೆ ಹೈಬರ್ನೇಟ್ ಆರಿಸಿ. ರ‍್ಯಾಮ್‌ನಲ್ಲಿದ್ದದ್ದೆಲ್ಲ ಎನ್‌ಕ್ರಿಪ್ಟ್ ಆದ ಡಿಸ್ಕಿಗೆ ಹೋಗಿ, ಮೆಷಿನ್ ನಿಜವಾಗಿ ಆಫ್ ಆಗುತ್ತದೆ. ಮತ್ತೆ ಆನ್ ಆಗಲು ಸ್ವಲ್ಪ ಜಾಸ್ತಿ ಹೊತ್ತು ಹಿಡಿಯುತ್ತದೆ, ಅಷ್ಟೇ.

ಆಮೇಲೆ, ಆನ್ ಮಾಡಿದ ಕೂಡಲೇ ಕೇಳುವ ಪಿನ್. ಬಿಟ್‌ಲಾಕರ್ ಸಾಮಾನ್ಯವಾಗಿ ನಿಮ್ಮನ್ನು ಏನೂ ಕೇಳದೆ, ಟಿಪಿಎಂ ಅನ್ನುವ, ಕೀ ಕಾಯುವ ಭದ್ರತಾ ಚಿಪ್ ಕೊಡುವ ಕೀಯಿಂದ ಡಿಸ್ಕ್ ತೆರೆದುಬಿಡುತ್ತದೆ. ಲಾಗಿನ್ ಪಾಸ್‌ವರ್ಡ್ ಕೇಳುವ ಹೊತ್ತಿಗೆ ಕೀ ಆಗಲೇ ರ‍್ಯಾಮ್ ಸೇರಿರುತ್ತದೆ. ಟಿಪಿಎಂ ಬೇರೆ ಚಿಪ್ಪಾಗಿರುವ ಮೆಷಿನ್‌ಗಳಲ್ಲಿ, ಬೋರ್ಡಿನ ಗೆರೆಗಳಿಗೆ ತಂತಿ ಹಚ್ಚಿ ಹಾದುಹೋಗುವ ಕೀಯನ್ನು ಹಿಡಿದವರೂ ಇದ್ದಾರೆ. ವಿಂಡೋಸ್ ಪ್ರೊ ಇದ್ದರೆ ಗ್ರೂಪ್ ಪಾಲಿಸಿಯಲ್ಲಿ (ವಿಂಡೋಸ್‌ನ ಒಳ ಸೆಟ್ಟಿಂಗ್‌ಗಳನ್ನು ಬದಲಿಸುವ ಜಾಗ), ಬಿಟ್‌ಲಾಕರ್ ಕೆಳಗೆ ಆಪರೇಟಿಂಗ್ ಸಿಸ್ಟಮ್ ಡ್ರೈವ್ಸ್ ತೆರೆದು 'ರಿಕ್ವೈರ್ ಅಡಿಶನಲ್ ಅಥೆಂಟಿಕೇಶನ್ ಅಟ್ ಸ್ಟಾರ್ಟಪ್' ಆನ್ ಮಾಡಿ, ಆಮೇಲೆ ಬಿಟ್‌ಲಾಕರ್ ಪುಟದಲ್ಲಿ ಪಿನ್ ಹಾಕಿ. ಹೋಮ್ ಎಡಿಶನ್‌ನಲ್ಲಿ ಇದು ಸಿಗುವುದಿಲ್ಲ. ಅಲ್ಲಿ ವೆರಾಕ್ರಿಪ್ಟ್ ಅನ್ನುವ ಎನ್‌ಕ್ರಿಪ್ಶನ್ ಸಾಫ್ಟ್‌ವೇರ್ ಬಳಸಬಹುದು. ಲಿನಕ್ಸ್‌ನ ಡಿಸ್ಕ್ ಎನ್‌ಕ್ರಿಪ್ಶನ್ ಆದ ಲಕ್ಸ್ (LUKS) ಸಾಮಾನ್ಯವಾಗಿ ಬೂಟ್ ಆಗುವಾಗಲೇ ಪಾಸ್‌ಫ್ರೇಸ್ ಕೇಳುತ್ತದೆ.

ಹಳೇ ಲ್ಯಾಪ್‌ಟಾಪ್ ಆದರೆ ಇನ್ನೊಂದು ನೋಡಿ. ಕೆಲವು ಎಸ್‌ಎಸ್‌ಡಿಗಳ (ಚಿಪ್ಪುಗಳಿಂದಾದ ಡಿಸ್ಕುಗಳ) ಸ್ವಂತ ಎನ್‌ಕ್ರಿಪ್ಶನ್ ಪಾಸ್‌ವರ್ಡ್ ಇಲ್ಲದೆಯೇ ತೆರೆಯುತ್ತದೆ ಅಂತ 2018ರಲ್ಲಿ ನೆದರ್ಲೆಂಡ್ಸ್‌ನ ರಾಡ್‌ಬೌಡ್ ವಿಶ್ವವಿದ್ಯಾಲಯದವರು ತೋರಿಸಿದರು. ಬಿಟ್‌ಲಾಕರ್ ಆಗ ಎನ್‌ಕ್ರಿಪ್ಟ್ ಮಾಡುವ ಕೆಲಸವನ್ನು ಆ ಡ್ರೈವ್‌ಗಳಿಗೇ ಬಿಟ್ಟು ನಂಬುತ್ತಿತ್ತು. ಅಡ್ಮಿನ್ ಕಮಾಂಡ್ ಪ್ರಾಂಪ್ಟ್‌ನಲ್ಲಿ manage-bde -status ಅಂತ ಹೊಡೆದು ಬಿಟ್‌ಲಾಕರ್ ಸ್ಟೇಟಸ್ ನೋಡಿ. 'ಹಾರ್ಡ್‌ವೇರ್ ಎನ್‌ಕ್ರಿಪ್ಶನ್' ಅಂತಿದ್ದರೆ ಪೂರ್ತಿ ಡೀಕ್ರಿಪ್ಟ್ ಮಾಡಿ, ಗ್ರೂಪ್ ಪಾಲಿಸಿಯಲ್ಲಿ ಹಾರ್ಡ್‌ವೇರ್ ಎನ್‌ಕ್ರಿಪ್ಶನ್ ಬೇಡ ಅಂತ ಹೇಳಿ, ಹೊಸದಾಗಿ ಎನ್‌ಕ್ರಿಪ್ಟ್ ಮಾಡಿ.

ಇಷ್ಟೆಲ್ಲ ಮಾಡುವ ಮೊದಲು ರಿಕವರಿ ಕೀ (ಡಿಸ್ಕ್ ತಾನಾಗಿ ತೆರೆಯದಿದ್ದಾಗ ಬೇಕಾಗುವ ಬದಲಿ ಕೀ) ಎಲ್ಲಿದೆ ನೋಡಿಕೊಳ್ಳಿ. ಒಮ್ಮೆ ಬಯಾಸ್ (ಲ್ಯಾಪ್‌ಟಾಪನ್ನು ಶುರು ಮಾಡುವ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿದ ಮೇಲೆ ನೀಲಿ ಪರದೆ ಬಂದು 48 ಅಂಕಿಯ ಕೀ ಕೇಳಿತು. ನಾನು ಅದನ್ನು ಜಾಣನಂತೆ ಪಿಡಿಎಫ್ ಮಾಡಿ ಅದೇ ಲ್ಯಾಪ್‌ಟಾಪಿನ ಡೆಸ್ಕ್‌ಟಾಪ್ ಮೇಲಿಟ್ಟಿದ್ದೆ. ಈಗ ಕಾಗದದಲ್ಲಿ ಬರೆದು ಬೀರುವಿನಲ್ಲಿಟ್ಟಿದ್ದೇನೆ. ಲ್ಯಾಪ್‌ಟಾಪ್ ಬ್ಯಾಗಿನಲ್ಲಲ್ಲ.