ಚರ್ಚಿನ ಬಾಸ್ಕೆಟ್‌ಬಾಲ್ ಕ್ಲಬ್ಬಿನ ಇತಿಹಾಸ ಬರೀಬೇಕಾ? ಕಪ್ ಬಿಡಿ, ಲೆಕ್ಕದ ಪುಸ್ತಕ ಹುಡುಕಿ

ಚರ್ಚಿಗೆ ಜುಬಿಲಿ ಬಂತು ಅಂದ್ರೆ ಸ್ಮರಣ ಸಂಚಿಕೆ ತರ್ತಾರೆ, ಅದರಲ್ಲಿ ಬಾಸ್ಕೆಟ್‌ಬಾಲ್ ಕ್ಲಬ್ಬಿಗೆ ಅಂತ ಒಂದು ಪೇಜ್ ಇರುತ್ತೆ, ಆ ಪೇಜಲ್ಲಿ ಕಪ್ ಹಿಡ್ಕೊಂಡು ನಿಂತಿರೋ ಹುಡುಗರ ಒಂದು ಫೋಟೋ, ಕೆಳಗೆ ಗೆದ್ದ ಟೂರ್ನಮೆಂಟಿನ ಹೆಸರು, ಅಲ್ಲಿಗೆ ಮುಗೀತು. ಶೂ ಯಾರು ಕೊಡ್ಸಿದ್ರು, ಕೋರ್ಟಿಗೆ ಸಿಮೆಂಟ್ ಯಾವಾಗ ಬಿತ್ತು, ಹೊರಗಿನ ಆಟಗಾರರನ್ನ ಯಾರು ಕರ್ಕೊಂಡು ಬಂದ್ರು, ಅಷ್ಟು ಚೆನ್ನಾಗಿ ಆಡ್ತಿದ್ದ ಟೀಮ್ ಯಾಕೆ ನಿಂತೋಯ್ತು, ಇದ್ಯಾವ್ದೂ ಅಲ್ಲಿ ಇರಲ್ಲ. ನಮ್ಮ ಕಾರವಾರ, ಅಂಕೋಲಾ, ಹೊನ್ನಾವರ, ಶಿರಸಿ ಕಡೆ ಯಾರಾದ್ರೂ ತಮ್ಮ ಚರ್ಚಿನ ಟೀಮಿನ ಕಥೆ ಬರೀಬೇಕು ಅಂತಿದ್ರೆ ಅವರಿಗೋಸ್ಕರ ಇದನ್ನ ಬರೀತಿದೀನಿ. ಬೇಗ ಶುರು ಮಾಡಿ, ಯಾಕಂದ್ರೆ ಮೊದಲ ಟೀಮಲ್ಲಿ ಆಡಿದವರಿಗೆಲ್ಲ ವಯಸ್ಸಾಗಿದೆ, ಅವರು ಹೋದ್ರೆ ಕೇಳೋಕೆ ಬೇರೆ ಯಾರೂ ಇಲ್ಲ.

ಮೊದಲು ಒಂದು ವಿಷಯ ತಲೇಲಿ ಇಟ್ಕೊಳ್ಳಿ. ಚರ್ಚ್ ನಡೆಸೋ ಕ್ಲಬ್ ಅಂದ್ರೆ ಬರೀ ಆಟದ ಕಥೆ ಅಲ್ಲ, ದುಡ್ಡು ಯಾರದ್ದು, ಜಾಗ ಯಾರದ್ದು, ತೀರ್ಮಾನ ಯಾರದ್ದು ಅನ್ನೋದರ ಕಥೆ. ಅದರಲ್ಲೂ ಅರೆ ವೃತ್ತಿಪರ ಟೀಮ್ ಆಗಿದ್ರಂತೂ ಈ ಮೂರು ಪ್ರಶ್ನೆ ಬಿಟ್ಟು ಏನೂ ಅರ್ಥ ಆಗಲ್ಲ. ಅರೆ ವೃತ್ತಿಪರ ಅಂದ್ರೆ ನಮ್ಮ ಕಡೆ ಸಂಬಳದ ಕಾಂಟ್ರಾಕ್ಟ್ ಅಂತೇನಲ್ಲ, ಹೋಗಿ ಬರೋ ಬಸ್ ಚಾರ್ಜು, ಊಟ, ಒಂದು ಜೊತೆ ಶೂ, ಗೆದ್ರೆ ಪ್ರೈಜ್ ಮನಿಯಲ್ಲಿ ಪಾಲು, ಮತ್ತೆ ಚೆನ್ನಾಗಿ ಆಡಿದ್ರೆ ಬ್ಯಾಂಕಲ್ಲೋ ರೈಲ್ವೇಲೋ ಪೋಲೀಸಲ್ಲೋ ಸ್ಪೋರ್ಟ್ಸ್ ಕೋಟಾದಲ್ಲಿ ಕೆಲ್ಸ ಸಿಗೋ ಆಸೆ. ಇದನ್ನ ಸಂಕೋಚ ಇಲ್ದೆ ಕೇಳಿ, ಸಂಕೋಚ ಇಲ್ದೆ ಬರೀರಿ. ಹುಡುಗರು ದುಡ್ಡು ತಗೊಂಡ್ರು ಅನ್ನೋದು ಅವಮಾನ ಅಲ್ಲ, ಮೀನುಗಾರಿಕೆ ಮನೆಯ ಹುಡುಗ ಒಂದು ದಿನದ ದುಡಿಮೆ ಬಿಟ್ಟು ಹುಬ್ಬಳ್ಳಿಗೆ ಆಡೋಕೆ ಹೋಗ್ಬೇಕಂದ್ರೆ ಆ ದಿನದ ಖರ್ಚು ಯಾರಾದ್ರೂ ಕೊಡ್ಲೇಬೇಕಲ್ವಾ.

ಈ ಆಟಕ್ಕೂ ಚರ್ಚಿಗೂ ಇರೋ ಸಂಬಂಧ ಹೊಸದೇನಲ್ಲ, ಪೀಠಿಕೆಗೆ ಒಂದೆರಡು ಪ್ಯಾರಾ ಬೇಕಾದ್ರೆ ಇದನ್ನ ಹಾಕ್ಕೊಳ್ಳಿ. 1891ರ ಡಿಸೆಂಬರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನ ವೈಎಂಸಿಎ, ಅಂದ್ರೆ ಕ್ರೈಸ್ತ ಯುವಕರ ಸಂಘದ, ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಅನ್ನೋ ಮೇಷ್ಟ್ರು ಚಳಿಗಾಲಕ್ಕೆ ಒಳಗೆ ಆಡೋ ಆಟ ಬೇಕು ಅಂತ ಪೀಚ್ ಹಣ್ಣಿನ ಬುಟ್ಟಿ ಕಟ್ಟಿ 13 ನಿಯಮ ಬರೆದು ಶುರು ಮಾಡಿದ್ದು, ಅವರು ದೇವಶಾಸ್ತ್ರ ಓದಿದವರು. ನಮ್ಮ ದಕ್ಷಿಣಕ್ಕೆ ಸಂಬಂಧಪಟ್ಟಿದ್ದು ಅಂದ್ರೆ 1920ರಲ್ಲಿ ಹ್ಯಾರಿ ಕ್ರೋ ಬಕ್ ಮದ್ರಾಸಲ್ಲಿ ಶುರು ಮಾಡಿದ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು, ಅಲ್ಲಿ ಕಲಿತ ಪಿಟಿ ಮೇಷ್ಟ್ರುಗಳು ಊರೂರಿನ ಶಾಲೆಗಳಿಗೆ ಹೋದ್ರು. ಹಾಗಾಗಿ ನಿಮ್ಮೂರಿನ ಶಾಲೆಗೆ ಬಾಸ್ಕೆಟ್‌ಬಾಲ್ ತಂದ ಮೊದಲ ಪಿಟಿ ಮೇಷ್ಟ್ರು ಯಾರು, ಅವರು ಎಲ್ಲಿ ಟ್ರೇನಿಂಗ್ ಮಾಡಿದ್ದು ಅಂತ ಪತ್ತೆ ಹಚ್ಚಿ, ಎಷ್ಟೋ ಸಲ ಕ್ಲಬ್ಬಿನ ಬೇರು ಅಲ್ಲೇ ಇರುತ್ತೆ. 1930ರಲ್ಲಿ ಶಿಕಾಗೋದಲ್ಲಿ ಬಿಷಪ್ ಬರ್ನಾರ್ಡ್ ಶೀಲ್ ಕ್ಯಾಥೊಲಿಕ್ ಯುವಜನರಿಗಾಗಿ ಸಂಘಟನೆ ಕಟ್ಟಿ ಬಾಕ್ಸಿಂಗ್, ಬಾಸ್ಕೆಟ್‌ಬಾಲ್ ಎರಡನ್ನೂ ಬೆಳೆಸಿದ್ರು.

ಚರ್ಚ್ ಕ್ಲಬ್ ಎಷ್ಟು ದೊಡ್ಡದಾಗಬಹುದು ಅನ್ನೋಕೆ ಲೆಬನಾನ್ ದೇಶದ ಬೈರೂತಿನ ಸಾಜೆಸ್ ಕ್ಲಬ್ ನೋಡಿ. ಮಾರೊನೈಟ್ ಅನ್ನೋ ಕ್ಯಾಥೊಲಿಕ್ ಪಂಗಡದ ಆರ್ಚ್‌ಡಯಾಸಿಸ್ಸಿನ (ಆರ್ಚ್‌ಬಿಷಪ್ ಕೈಕೆಳಗಿನ ಆಡಳಿತದ) ಶಾಲೆಯಿಂದ ಹುಟ್ಟಿದ್ದು, 1943ರಲ್ಲಿ ಕ್ಲಬ್ ಆಯ್ತು, 1990ರ ದಶಕದಲ್ಲಿ ಆಂಟೊಯಿನ್ ಶುವೇರಿ ಅನ್ನೋ ಜಾಹೀರಾತು ಉದ್ಯಮಿ ಅಧ್ಯಕ್ಷರಾಗಿ ದುಡ್ಡು ಸುರಿದ್ರು, 1999, 2000, 2004ರಲ್ಲಿ ಏಷ್ಯಾ ಕ್ಲಬ್ ಚಾಂಪಿಯನ್ ಆಯ್ತು. ನೋಡಿ, ಹೆಸರು ಚರ್ಚಿಂದು, ಗೆದ್ದಿದ್ದು ಆಟಗಾರರು, ಆದ್ರೆ ಏರಿಳಿತ ತಿಳೀಬೇಕಂದ್ರೆ ಅಧ್ಯಕ್ಷರ ಜೇಬು ನೋಡ್ಬೇಕು. ನಿಮ್ಮ ಕ್ಲಬ್ಬಿನಲ್ಲೂ ಸಣ್ಣ ಮಟ್ಟದಲ್ಲಿ ಹಾಗೊಬ್ಬರು ಇದ್ದೇ ಇರ್ತಾರೆ, ಗಲ್ಫಿಂದ ಬಂದವರೋ, ಬೋಟ್ ಮಾಲೀಕರೋ, ಅವರನ್ನ ಹುಡುಕಿ.

ಈಗ ಕೆಲ್ಸಕ್ಕೆ ಬರೋಣ. ಮೊಟ್ಟಮೊದಲು ಫಾದರ್ ಹತ್ರ ಹೋಗಿ ಪರ್ಮಿಶನ್ ಕೇಳಿ, ಬಾಯ್ಮಾತಲ್ಲಿ ಬೇಡ, ಏನು ನೋಡ್ಬೇಕು ಯಾಕೆ ನೋಡ್ಬೇಕು ಅಂತ ಒಂದು ಪತ್ರ ಬರ್ಕೊಂಡು ಹೋಗಿ. ಹಾಗೇ ಒಳಗೆ ಹೋದಾಗ ಆ ಚರ್ಚಲ್ಲಿ ಸೇವೆ ಮಾಡಿದ ಗುರುಗಳ ಹೆಸರು, ಇಸವಿ ಬರೆದಿರೋ ಬೋರ್ಡ್ ಇದ್ರೆ ಅದರ ಫೋಟೋ ತಗೊಳ್ಳಿ. ನನ್ನ ಪ್ರಕಾರ ಇದಕ್ಕಿಂತ ಒಳ್ಳೆ ದಾಖಲೆ ಇನ್ನೊಂದಿಲ್ಲ, ಯಾಕಂದ್ರೆ ಪಾದ್ರಿಗಳಿಗೆ ಕೆಲವು ವರ್ಷಕ್ಕೊಮ್ಮೆ ಟ್ರಾನ್ಸ್‌ಫರ್ ಆಗುತ್ತೆ, ಆಟ ಇಷ್ಟ ಇದ್ದ ಫಾದರ್ ಇದ್ದಾಗ ಟೀಮ್ ಏಳುತ್ತೆ, ಇಷ್ಟ ಇಲ್ಲದವರು ಬಂದಾಗ ಕೋರ್ಟಲ್ಲಿ ಅಡಿಕೆ ಒಣಗುತ್ತೆ. ಆ ಬೋರ್ಡಿನ ಇಸವಿಗಳನ್ನ ಒಂದು ಕಡೆ ಬರ್ಕೊಂಡು ಪಕ್ಕದಲ್ಲಿ ಕ್ಲಬ್ಬಿನ ಘಟನೆ ತುಂಬ್ತಾ ಹೋಗಿ, ಕಥೆಯ ಅರ್ಧ ಅಸ್ಥಿಪಂಜರ ಅಲ್ಲೇ ಸಿಗುತ್ತೆ.

ಹಳೇ ಪತ್ರ ಎಲ್ಲಿವೆ ಅನ್ನೋದಕ್ಕೆ ಇಸವಿ ಗೊತ್ತಿರ್ಬೇಕು. ಕಾರವಾರ ಧರ್ಮಪ್ರಾಂತ್ಯ (ಒಬ್ಬ ಬಿಷಪ್ ಕೈಕೆಳಗಿನ ಚರ್ಚುಗಳ ವ್ಯಾಪ್ತಿ) ಆಗಿದ್ದು 1976ರ ಜನವರಿಯಲ್ಲಿ, ಅದಕ್ಕೂ ಮುಂಚೆ ನಮ್ಮ ಜಿಲ್ಲೆ ಬೆಳಗಾವಿ ಧರ್ಮಪ್ರಾಂತ್ಯದ ಕೈಕೆಳಗಿತ್ತು, ಬೆಳಗಾವಿಯದ್ದು ಶುರುವಾಗಿದ್ದು 1953ರಲ್ಲಿ. ಹಾಗಾಗಿ 1976ರ ಮುಂಚೆ ಕೋರ್ಟ್ ಕಟ್ಟೋಕೆ ಬಿಷಪ್ ಅನುಮತಿ ಕೇಳಿದ ಪತ್ರ ಕಾರವಾರದಲ್ಲಿ ಸಿಕ್ಕಿಲ್ಲ ಅಂದ್ರೆ ಬೇಜಾರಾಗಬೇಡಿ, ಬೆಳಗಾವಿಗೆ ಬರೆದು ಕೇಳಿ. ಜಾಗ ಯಾರ ಹೆಸರಲ್ಲಿದೆ ಅನ್ನೋಕೆ ಸರ್ವೆ ನಂಬರ್ ಹಿಡಿದು ಪಹಣಿ ತೆಗೆಸಿ. ಕ್ಲಬ್ ಸಂಘವಾಗಿ ರಿಜಿಸ್ಟರ್ ಆಗಿತ್ತಾ ಅಂತ ಜಿಲ್ಲಾ ಸಂಘಗಳ ನೋಂದಣಿ ಕಚೇರಿಯಲ್ಲಿ ವಿಚಾರಿಸಿ, ಆಗಿದ್ರೆ ಬೈಲಾ ಕಾಪಿ ಕೇಳಿ, ಅದರಲ್ಲಿ ಅಧ್ಯಕ್ಷ ಯಾರಾಗಬೇಕು, ಕ್ಲಬ್ ಮುಚ್ಚಿದ್ರೆ ಆಸ್ತಿ ಯಾರಿಗೆ ಅಂತ ಬರೆದಿರುತ್ತೆ. ಆ ಒಂದು ಸಾಲು ಓದಿದ್ರೆ ಕ್ಲಬ್ ನಿಜವಾಗ್ಲೂ ಚರ್ಚಿನದ್ದಾ ಅಥವಾ ಚರ್ಚ್ ಹೆಸರು ಮಾತ್ರನಾ ಅಂತ ಗೊತ್ತಾಗುತ್ತೆ.

ಇನ್ನು ಲೆಕ್ಕದ ಪುಸ್ತಕ. ಉದ್ದನೆಯ ಕೆಂಪು ರಟ್ಟಿನ ಪುಸ್ತಕ, ಮಳೆಗಾಲದ ಥಂಡಿಗೆ ಹಾಳೆಗಳು ಒಂದಕ್ಕೊಂದು ಅಂಟಿರುತ್ತೆ, ಎಳೀಬೇಡಿ, ಫ್ಯಾನ್ ಕೆಳಗೆ ಒಣಗೋಕೆ ಬಿಟ್ಟು ನಿಧಾನಕ್ಕೆ ತೆಗೀರಿ. ನಾನು ನೋಡಿದ ಅಂಥದ್ದೊಂದು ಪುಸ್ತಕದಲ್ಲಿ ಒಂದೇ ಪೇಜಲ್ಲಿ ಸುಣ್ಣ, ಬಲೆ ಎರಡು, ರಿಂಗಿಗೆ ಪೇಂಟು, ಹುಬ್ಬಳ್ಳಿ ಬಸ್ ಚಾರ್ಜು, ಅದರ ಕೆಳಗೆ ಬೇರೆ ಕೈಬರಹದಲ್ಲಿ ಗೆಸ್ಟ್ ಪ್ಲೇಯರ್ ಇಬ್ಬರ ಊಟ ಅಂತಿತ್ತು. ಈ ಐದು ಸಾಲು ಎಷ್ಟು ಹೇಳುತ್ತೆ ನೋಡಿ. ಸುಣ್ಣ ತಂದಿದಾರೆ ಅಂದ್ರೆ ಕೋರ್ಟ್ ಇನ್ನೂ ಮಣ್ಣಿಂದು, ಗೆರೆ ಪ್ರತಿ ಸಲ ಹೊಸದಾಗಿ ಎಳೀತಿದ್ರು. ರಿಂಗಿಗೆ ಪೇಂಟ್ ಮತ್ತೆ ಮತ್ತೆ ಬರ್ತಿದೆ ಅಂದ್ರೆ ಸಮುದ್ರದ ಉಪ್ಪು ಗಾಳಿಗೆ ಕಬ್ಬಿಣ ತುಕ್ಕು ಹಿಡೀತಿತ್ತು. ಬಸ್ ಚಾರ್ಜ್ ಇದೆ ಅಂದ್ರೆ ಟೀಮ್ ಜಿಲ್ಲೆ ದಾಟಿ ಆಡ್ತಿತ್ತು. ಗೆಸ್ಟ್ ಪ್ಲೇಯರ್ ಬಂದ್ರು ಅಂದ್ರೆ ಚರ್ಚಿನ ಹುಡುಗರ ಟೀಮ್ ಅನ್ನೋ ಹಂತ ಮುಗಿದು ಗೆಲ್ಲೋಕೆ ಅಂತ ಆಟಗಾರರನ್ನ ತರಿಸೋ ಹಂತ ಶುರುವಾಯ್ತು, ಮತ್ತೆ ಕೈಬರಹ ಬದಲಾಗಿದೆ ಅಂದ್ರೆ ಲೆಕ್ಕ ಇನ್ಯಾರದ್ದೋ ಕೈಗೆ ಹೋಗಿದೆ. ಗೆಸ್ಟ್ ಪ್ಲೇಯರ್ ಅನ್ನೋ ಶಬ್ದ ಮೊದಲ ಸಲ ಯಾವ ತಾರೀಕಿಗೆ ಬಂತು ಅಂತ ಗುರುತು ಹಾಕ್ಕೊಳ್ಳಿ, ನಿಮ್ಮ ಕ್ಲಬ್ ಅರೆ ವೃತ್ತಿಪರ ಆಗಿದ್ದು ಹೆಚ್ಚುಕಮ್ಮಿ ಅವತ್ತೇ.

ಫೋಟೋಗೆ ಇಸವಿ ಹಾಕೋದು ಅಂದ್ರೆ ಎಲ್ಲರೂ ಅಂದಾಜಲ್ಲಿ ಹೇಳ್ತಾರೆ, ಹಾಗೆ ಬೇಡ, ಆಟದ ನಿಯಮಗಳೇ ಸಹಾಯ ಮಾಡ್ತವೆ. ಕೋರ್ಟಲ್ಲಿ ಮೂರು ಪಾಯಿಂಟ್ ಗೆರೆ (ಅದರಾಚೆಯಿಂದ ಬುಟ್ಟಿಗೆ ಹಾಕಿದ್ರೆ ಮೂರು ಪಾಯಿಂಟ್ ಸಿಗೋ ಗೆರೆ) ಇದ್ರೆ ಅದು ಸಾಮಾನ್ಯವಾಗಿ 1984ಕ್ಕಿಂತ ಹಳೇದಲ್ಲ, ಫೀಬಾ, ಅಂದ್ರೆ ಅಂತಾರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ, ಆ ಗೆರೆ ತಂದಿದ್ದೇ ಆಗ. ಬುಟ್ಟಿ ಕೆಳಗಿನ ಮೂರು ಸೆಕೆಂಡ್ ಏರಿಯಾ ಬುಟ್ಟಿ ಕಡೆ ಅಗಲ, ಕೋರ್ಟಿನ ಮಧ್ಯದ ಕಡೆ ಕಿರಿದಾಗಿ ಇದ್ರೆ ಹಳೇ ಅಳತೆ, ಆಯತ ಆಗಿದ್ರೆ 2010ರ ಬದಲಾವಣೆ ನಂತರದ್ದು, ಅದೇ ಬದಲಾವಣೆಯಲ್ಲಿ ಮೂರು ಪಾಯಿಂಟ್ ಗೆರೆ 6.25 ಮೀಟರಿಂದ 6.75 ಮೀಟರಿಗೆ ಹೋಯ್ತು. ಸ್ಕೋರ್ ಶೀಟಲ್ಲಿ 20 ನಿಮಿಷದ ಎರಡು ಹಾಫ್ ಇದ್ರೆ 2000ಕ್ಕಿಂತ ಮುಂಚಿಂದು, 10 ನಿಮಿಷದ ನಾಲ್ಕು ಕ್ವಾರ್ಟರ್ ಇದ್ರೆ ಆಮೇಲಿಂದು. ಜೆರ್ಸಿ ನಂಬರ್ 4ರಿಂದ 15ರ ಒಳಗೇ ಇದ್ರೆ ಹಳೇ ಪದ್ಧತಿ, 2014ರ ನಂತರ 23, 77 ಅಂತೆಲ್ಲ ಹಾಕೋಕೆ ಬಿಟ್ರು. ಒಂದು ಎಚ್ಚರಿಕೆ ಅಂದ್ರೆ ನಿಯಮ ಬದಲಾದ ಕೂಡ್ಲೇ ನಮ್ಮೂರಲ್ಲಿ ಯಾರೂ ಪೇಂಟ್ ಡಬ್ಬ ಹಿಡ್ಕೊಂಡು ಓಡಿರಲ್ಲ, ಹಳೇ ಗೆರೆ ವರ್ಷಗಟ್ಟಲೆ ಹಾಗೇ ಉಳಿದಿರುತ್ತೆ, ಅದಕ್ಕೆ ಹೊಸ ಗೆರೆ ಕಂಡ್ರೆ ಇದು ಇಂಥ ಇಸವಿ ಆದ್ಮೇಲಿಂದು ಅಂತ ಹೇಳ್ಬಹುದು, ಹಳೇ ಗೆರೆ ಕಂಡ್ರೆ ಮುಂಚಿಂದು ಅಂತ ಖಂಡಿತ ಹೇಳೋಕಾಗಲ್ಲ.

ಆಡಿದವರ ಹತ್ರ ಮಾತಾಡೋಕೆ ಹೋದಾಗ ಫೋಟೋ ಕೈಯಲ್ಲಿರ್ಲಿ. ಯಾವ ಇಸವಿ ಅಂತ ಕೇಳಿದ್ರೆ ಯಾರಿಗೂ ನೆನಪಿರಲ್ಲ. ಅಂಕಲ್, ಸೀಬರ್ಡ್ ನೌಕಾನೆಲೆಗೆ ಶಿಲಾನ್ಯಾಸ ಆಗೋಕ್ಕೆ ಮುಂಚೆನಾ ಆಮೇಲಾ, ಕೊಂಕಣ ರೈಲು ಬಂದಿತ್ತಾ, ಕಾಳಿ ಸೇತುವೆ ಆಗಿತ್ತಾ ಇಲ್ಲ ಸದಾಶಿವಗಡದ ಹುಡುಗರು ದೋಣಿ ದಾಟಿ ಬರ್ತಿದ್ರಾ ಅಂತ ಕೇಳಿ, ಟಪ್ ಅಂತ ಉತ್ತರ ಬರುತ್ತೆ. ಸೀಬರ್ಡ್ ಶಿಲಾನ್ಯಾಸ 1986, ರೈಲು ಪೂರ್ತಿ ಶುರುವಾಗಿದ್ದು 1998, ಹಾಗೆ ಇಸವಿ ಹೊಂದಿಸ್ಕೊಳ್ಳಿ. ಸೀಬರ್ಡ್ ವಿಷಯ ಬಂದಾಗ ಇನ್ನೊಂದು ಕೇಳಿ, ನೌಕಾನೆಲೆಗೆ ಜಾಗ ಬಿಟ್ಟು ಎದ್ದು ಹೋದ ಮನೆಗಳಲ್ಲಿ ಟೀಮಿನ ಹುಡುಗರೂ ಇದ್ರಾ ಅಂತ, ಒಂದು ಟೀಮ್ ಒಡೆಯೋಕೆ ಸೋಲು ಬೇಕಾಗಿಲ್ಲ, ಐದು ಮನೆ ಬೇರೆ ಬೇರೆ ಕಡೆ ಹೋದ್ರೆ ಸಾಕು.

ಮನೆ ಭಾಷೆ ಕೊಂಕಣಿ ಇದ್ರೆ ಕೊಂಕಣಿಯಲ್ಲೇ ಮಾತಾಡಿಸಿ, ಮೊಬೈಲಲ್ಲಿ ರೆಕಾರ್ಡ್ ಮಾಡ್ಕೊಳ್ಳಿ, ಆಮೇಲೆ ಕನ್ನಡಕ್ಕೆ ಬರ್ಕೊಳ್ಳಿ. ಕನ್ನಡದಲ್ಲಿ ಕೇಳಿದ್ರೆ ಭಾಷಣದ ಥರ ಉತ್ತರ ಕೊಡ್ತಾರೆ, ಕೊಂಕಣಿಯಲ್ಲಿ ಕೇಳಿದ್ರೆ ರೆಫ್ರಿ ಜೊತೆ ಜಗಳ ಆಗಿದ್ದೂ ಬರುತ್ತೆ. ಮತ್ತೆ ದಯವಿಟ್ಟು ಹೆಣ್ಣುಮಕ್ಕಳನ್ನ ಮರೀಬೇಡಿ. ಕಾನ್ವೆಂಟ್ ಶಾಲೆ ಇದ್ದಲ್ಲಿ ಹುಡುಗಿಯರ ಟೀಮೂ ಇತ್ತಾ ಅಂತ ಹುಡುಕಿ, ಅವರು ಮದುವೆಯಾಗಿ ಹೆಸರು ಊರು ಎರಡೂ ಬದಲಾಗಿರೋದ್ರಿಂದ ಕಳೆದೋಗಿರ್ತಾರೆ. ಹಳೇ ಸಿಸ್ಟರ್‌ಗಳನ್ನ ಕೇಳಿದ್ರೆ ಯಾರು ಎಲ್ಲಿಗೆ ಮದುವೆಯಾಗಿ ಹೋದ್ರು ಅನ್ನೋದು ಅವರಿಗೆ ಬಾಯಿಪಾಠ.

ಪೇಪರ್ ಕಟಿಂಗ್‌ಗೆ ಕಾರವಾರದ ಕರಾವಳಿ ಮುಂಜಾವು, ಶಿರಸಿಯ ಲೋಕಧ್ವನಿ ಹಳೇ ಸಂಚಿಕೆ ನೋಡಿ, ಮಂಗಳೂರಿನ ರಾಕ್ಣೊ 1938ರಿಂದ ಬರ್ತಿರೋ ಕೊಂಕಣಿ ವಾರಪತ್ರಿಕೆ, ಅದನ್ನೂ ಒಮ್ಮೆ ನೋಡಿ. ಟೂರ್ನಮೆಂಟ್ ನಡೆಯೋದು ಹೆಚ್ಚಾಗಿ ಮಳೆ ಬಿಟ್ಟ ಮೇಲೆ, ಹಾಗಾಗಿ ನವೆಂಬರಿಂದ ಮೇ ತನಕದ ಸಂಚಿಕೆ ಸಾಕು, ಜೂನಿಂದ ಸೆಪ್ಟೆಂಬರ್ ತಿರುವಿ ಹಾಕಿ ಟೈಮ್ ಹಾಳು ಮಾಡ್ಕೋಬೇಡಿ.

ಬರೆದು ಮುಗಿಸಿದ ಮೇಲೆ ದುಡ್ಡಿನ ವಿಷಯದಲ್ಲಿ ಯಾರ ಹೆಸರು ಬಂದಿದ್ಯೋ ಅವರಿಗೆ, ಅವರಿಲ್ಲದಿದ್ರೆ ಮನೆಯವರಿಗೆ, ಆ ಭಾಗ ಓದಿ ಹೇಳಿ. ಬೇಡ ಅಂದ್ರೆ ಹೆಸರು ತೆಗೀರಿ, ಆದ್ರೆ ವಿಷಯ ತೆಗೀಬೇಡಿ. ಇಬ್ಬರು ಒಂದೇ ಮ್ಯಾಚನ್ನ ಬೇರೆ ಬೇರೆ ಥರ ಹೇಳಿದ್ರೆ ಎರಡನ್ನೂ ಹಾಕಿ. ಪ್ರಿಂಟ್ ಆದ್ಮೇಲೆ ಒಂದು ಕಾಪಿ ಚರ್ಚಿಗೆ, ಒಂದು ಬಿಷಪ್ ಹೌಸಿಗೆ, ಒಂದು ಜಿಲ್ಲಾ ಗ್ರಂಥಾಲಯಕ್ಕೆ ಕೊಡಿ, ಸ್ಕ್ಯಾನ್ ಮಾಡಿದ ಫೋಟೋ, ರೆಕಾರ್ಡಿಂಗ್ ಎಲ್ಲ ಎರಡು ಪೆನ್‌ಡ್ರೈವಿಗೆ ಹಾಕಿ ಬೇರೆ ಬೇರೆ ಮನೆಯಲ್ಲಿ ಇಡಿ, ಮೂಲ ಲೆಕ್ಕದ ಪುಸ್ತಕವನ್ನ ಮಾತ್ರ ಫಾದರ್ ಸಹಿ ತಗೊಂಡು ಎಲ್ಲಿಂದ ತಂದಿದ್ರೋ ಅದೇ ಕಪಾಟಿಗೆ ವಾಪಸ್ ಇಟ್ಟು ಬನ್ನಿ.