ಪಾಡ್ಯದವರೆಗಿನ ಅಂಗಡಿ

ಧಾರವಾಡದ ಸಪ್ತಾಪುರದಲ್ಲಿ ಒಂದು ಶಟರ್ ಅಂಗಡಿ ಖಾಲಿ ಬಿದ್ದಿತ್ತು. ಹೊಸ ಬಾಡಿಗೆದಾರರು ದೀಪಾವಳಿ ಪಾಡ್ಯದ ದಿನ ಪೂಜೆ ಮಾಡಿ ಒಳಗೆ ಬರುವವರಿದ್ದರು. ಕಸಕ್ಕೆ ಹೋಗುವ ವಸ್ತುಗಳಿಂದ ನಾವು ಹೊಲಿದ ಚೀಲ, ಪರ್ಸು ಮಾರಲು ಅಲ್ಲಿಯವರೆಗೆ ನಮಗೆ ಕೊಡಿ ಎಂದು ಮಾಲೀಕರನ್ನು ಕೇಳಿದೆವು. ಗೋಡೆಗೆ ಮೊಳೆ ಹೊಡೆಯಬಾರದು, ಕರೆಂಟ್ ಬಿಲ್ ಮೀಟರ್ ನೋಡಿ ಕಟ್ಟಬೇಕು, ಪಾಡ್ಯದ ಹಿಂದಿನ ಸಂಜೆ ಕೀಲಿ ಕೈಗೆ ಬರಬೇಕು ಎಂಬ ಮೂರು ಮಾತಿನ ಮೇಲೆ ಒಪ್ಪಿದರು. ಮೊಳೆ ಇಲ್ಲದ್ದರಿಂದ ಎರಡು ಬಿದಿರಿನ ಏಣಿಗಳನ್ನು ಎದುರುಬದುರು ನಿಲ್ಲಿಸಿ, ನಡುವೆ ಹಗ್ಗ ಕಟ್ಟಿ ಚೀಲಗಳನ್ನು ತೂಗುಹಾಕಿದೆವು. ನಾವು ಎಂದರೆ ನಾನು ಮತ್ತು ನಮ್ಮ ಓಣಿಯ ಮೂವರು ಹೆಂಗಸರು. ಎಲ್ಲರಿಗೂ ಹೊಲಿಗೆ ಬರುತ್ತದೆ, ಒಬ್ಬರಿಗೆ ಮಾತ್ರ ವ್ಯಾಪಾರ ಬರುತ್ತದೆ. ಅದು ನಾನಲ್ಲ.

ಹಬ್ಬದ ಮುಂಚಿನ ದಿನಗಳನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಸರಳ. ಮನೆಗಳಲ್ಲಿ ಟ್ರಂಕು, ಅಟ್ಟ ಎಲ್ಲ ಹೊರಬಿದ್ದು ಸ್ವಚ್ಛವಾಗುವುದು ಆಗಲೇ. ನಮಗೆ ಬೇಕಾದ ಹಳೆಯ ಬಟ್ಟೆಯೂ ಆಗಲೇ ಸಿಗುತ್ತದೆ, ಕೊಳ್ಳುವವರ ಕೈಯೂ ಆಗಲೇ ಸ್ವಲ್ಪ ಸಡಿಲವಾಗಿರುತ್ತದೆ.

ಮಾರಾಟಕ್ಕಿಟ್ಟದ್ದು ನಾಲ್ಕು ಬಗೆ. ಹಳೆಯ ಫ್ಲೆಕ್ಸ್ ಬ್ಯಾನರಿನ ಸಂತೆ ಚೀಲ. ಪಂಕ್ಚರ್ ಅಂಗಡಿಯಲ್ಲಿ ಸಿಗುವ ಬೈಕಿನ ಹರಿದ ಟ್ಯೂಬಿನ ಬೆಲ್ಟು ಮತ್ತು ಹಿಡಿಕೆ. ಕುಪ್ಪಸ ಹೊಲಿಯುವ ದರ್ಜಿಗಳ ಬಳಿ ಉಳಿಯುವ ಗುಳೇದಗುಡ್ಡ ಖಣದ ಚೂರುಗಳಿಂದ ಪರ್ಸು, ಮೊಬೈಲ್ ಚೀಲ. ಕೊನೆಯದು ಉಟ್ಟು ಹಳತಾದ ಇಳಕಲ್ ಮತ್ತು ಹತ್ತಿ ಸೀರೆಗಳ ಕೌದಿ, ಎಂದರೆ ಪದರ ಪದರವಾಗಿ ಸೇರಿಸಿ ಹೊಲಿದ ಹೊದಿಕೆ, ಮತ್ತು ದಿಂಬಿನ ಚೀಲ.

ಮೊದಲ ವಾರವೇ ಒಂದು ವಿಷಯ ಸ್ಪಷ್ಟವಾಯಿತು. ನಮ್ಮ ಕಡೆ ಕಸ ಎಂದರೆ ಎಲ್ಲವೂ ಒಂದೇ ಅಲ್ಲ, ಅದು ಯಾರ ಕಸ ಎಂಬುದೇ ಮೊದಲ ಪ್ರಶ್ನೆ. ಫ್ಲೆಕ್ಸ್ ಯಾರದೂ ಅಲ್ಲ, ಟ್ಯೂಬೂ ಯಾರದೂ ಅಲ್ಲ. ಖಣದ ಚೂರು ಮೈಗೆ ತಾಗಿದ ಬಟ್ಟೆಯೇ ಅಲ್ಲ, ಕತ್ತರಿಯಿಂದ ನೇರ ನಮ್ಮ ಕೈಗೆ ಬಂದದ್ದು. ಇವುಗಳನ್ನು ಜನ ಹಿಂದುಮುಂದು ನೋಡದೆ ಕೊಂಡರು. ಕೌದಿಯ ಹತ್ತಿರ ಬಂದವರು ಮಾತ್ರ ಕೈಯಲ್ಲಿ ಹಿಡಿದು, ಹೊಲಿಗೆ ಹೊಗಳಿ, ಆಮೇಲೆ ಮೆಲ್ಲಗೆ ಕೇಳುತ್ತಿದ್ದರು: “ಯಾರು ಉಟ್ಟ ಸೀರೆ ಇದು?” ನಾವು ಬಿಸಿನೀರಿನಲ್ಲಿ ಒಗೆದು, ಎರಡು ದಿನ ಬಿಸಿಲಿಗೆ ಹಾಕಿದ್ದೇವೆ ಎಂದರೆ ಆ ಪ್ರಶ್ನೆಗೆ ಉತ್ತರವಾಗುವುದಿಲ್ಲ. ಅವರು ಕೇಳುತ್ತಿದ್ದದ್ದು ಕೊಳೆಯ ಬಗ್ಗೆ ಅಲ್ಲ. ಹಬ್ಬದ ಹೊತ್ತಿನಲ್ಲಿ, ತೀರಿಹೋದವರ ಬಟ್ಟೆಯೋ ಏನೋ ಗೊತ್ತಿಲ್ಲದೆ, ಮನೆಯೊಳಗೆ ಹೇಗೆ ಒಯ್ಯುವುದು ಎಂಬ ಅಳುಕು ಅದು. ಇದನ್ನು ಮೂಢನಂಬಿಕೆ ಎಂದು ವಾದ ಮಾಡುತ್ತ ಕೂರುವುದು ಅಂಗಡಿಯವರ ಕೆಲಸವಲ್ಲ ಎಂದೇ ನನ್ನ ಅಭಿಪ್ರಾಯ.

ಸಿದ್ಧ ಕೌದಿಗಳನ್ನು ಮಾದರಿಯಾಗಿ ಉಳಿಸಿಕೊಂಡು, ಬಾಗಿಲಲ್ಲಿ ಒಂದು ರಟ್ಟು ತೂಗುಹಾಕಿದೆವು: “ನಿಮ್ಮ ಮನೆಯ ಸೀರೆ ತನ್ನಿ, ಕೌದಿ ಹೊಲಿದು ಕೊಡುತ್ತೇವೆ.” ಅಲ್ಲಿಂದ ಅಂಗಡಿಯ ಚಹರೆಯೇ ಬದಲಾಯಿತು. ಬೇರೆಯವರ ಸೀರೆ ಮುಟ್ಟಲು ಹಿಂಜರಿದವರೇ ಅವ್ವನ ಸೀರೆ, ಅಜ್ಜಿಯ ಸೀರೆ ಎಂದು ಗಂಟು ಕಟ್ಟಿಕೊಂಡು ಬಂದರು.

ಒಂದು ಮಧ್ಯಾಹ್ನ ನಾಲ್ವರು ಅಕ್ಕತಂಗಿಯರು ಒಂದೇ ಇಳಕಲ್ ಸೀರೆ ತಂದು, ನಾಲ್ಕು ಹೆಗಲು ಚೀಲ ಬೇಕು ಎಂದರು. ಜಗಳ ಶುರುವಾದದ್ದು ಸೆರಗಿನ ಬಗ್ಗೆ. ಇಳಕಲ್ ಸೆರಗು ತೋಪು ತೆನೆಯದು. ಕೆಂಪಿನ ಮೂರು ಪಟ್ಟೆ, ನಡುವೆ ಬಿಳಿಯ ಎರಡು. ಅಡ್ಡ ಕತ್ತರಿಸಿದರೆ ಒಬ್ಬರಿಗೆ ಬರಿ ಕೆಂಪು, ಇನ್ನೊಬ್ಬರಿಗೆ ಬರಿ ಬಿಳಿ. ಸೀರೆಯ ಉದ್ದದ ಗುಂಟ ಸೀಳಿದರೆ ನಾಲ್ವರಿಗೂ ಐದೂ ಪಟ್ಟೆ ಸಿಗುತ್ತವೆ, ಆದರೆ ಅಂಚು ತುದಿಯ ಇಬ್ಬರಿಗೆ ಮಾತ್ರ. ಉದ್ದಕ್ಕೇ ಸೀಳಿ, ಒಡಲಿನ ಕಡೆಯ ಅಂಚನ್ನು ಕತ್ತರಿಸಿ ನಡುವಿನ ಎರಡಕ್ಕೆ ಜೋಡಿಸಿದೆವು. “ನನ್ನದಕ್ಕೆ ಅಂಚು ಅಂಟಿಸಿದ್ದು, ಅಕ್ಕನದು ಹುಟ್ಟಾ ಅಂಚು” ಎಂದು ಕಿರಿಯವರು ಕೊನೆಗೂ ಹೇಳಿಯೇ ಹೋದರು. ಮಿಕ್ಕ ಚೂರನ್ನೂ ಮರೆಯದೆ ಕೇಳಿ ಪಡೆದರು.

ಹೀಗೆ ಆರ್ಡರ್ ತೆಗೆದುಕೊಳ್ಳುವಾಗ ಕೆಲವು ಕಟ್ಟುಪಾಡು ಬೇಕು. ಸೀರೆಯನ್ನು ಅವರೇ ಒಗೆದು ತರಬೇಕು. ಅವರೆದುರೇ ಬಿಡಿಸಿ, ಮೊಬೈಲಿನಲ್ಲಿ ಫೋಟೋ ತೆಗೆದು, ಮೂಲೆಗೆ ಹೆಸರಿನ ಬಟ್ಟೆಚೂರು ಹೊಲಿಯಬೇಕು. ಎರಡು ಹೆಬ್ಬೆರಳ ನಡುವೆ ಬಟ್ಟೆಯನ್ನು ಜಗ್ಗಿ ನೋಡಬೇಕು. ಮಡಿಕೆಯ ಗೆರೆಯಲ್ಲಿ ರೇಷ್ಮೆ ಪಿಸಿಯುತ್ತಿದ್ದರೆ ಅದು ಕೌದಿಯ ಮೇಲ್ಪದರಕ್ಕೆ ಬರುವುದಿಲ್ಲ ಎಂದು ಆಗಲೇ ಹೇಳಬೇಕು. ಕೆಂಪು ಬಣ್ಣ ಬಿಡುತ್ತದೆಯೇ ಎಂದು ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಬೇಕು. ಅರ್ಧ ಹಣ ಮುಂಗಡ. ಕೈಹೊಲಿಗೆಯ ಕೌದಿ ಪಾಡ್ಯಕ್ಕೆ ಮುಗಿಯುವುದಿಲ್ಲ, ಸಂಕ್ರಾಂತಿಗೆ ಎಂದು ಚೀಟಿಯಲ್ಲಿ ಬರೆದುಕೊಟ್ಟೆವು. ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕವಂದಿ ಎಂಬ ಕೌದಿಯಂತೆ ನಾವೂ ಅಂಚಿನಿಂದ ಶುರುಮಾಡಿ ನಡುವಿಗೆ ಬರುತ್ತೇವೆ. ಪದರಗಳು ಜಾರದೆ ಕೂರುತ್ತವೆ.

ಫ್ಲೆಕ್ಸಿನ ಕಥೆಯೇ ಬೇರೆ. ರಾಜ್ಯದಲ್ಲಿ 2016ರಲ್ಲೇ ನಿಷೇಧವಾದ ವಸ್ತು, ಆದರೂ ನಮಗೆ ಎಂದೂ ಕೊರತೆಯಾಗಲಿಲ್ಲ. ಹುಟ್ಟುಹಬ್ಬದ ನಾಯಕರು ಇರುವವರೆಗೆ ಆಗುವುದೂ ಇಲ್ಲ. ಇದು ಪಾಲಿಯೆಸ್ಟರ್ ಜಾಳಿಗೆಯ ಮೇಲೆ ಪಿವಿಸಿ ಲೇಪಿಸಿದ ಹಾಳೆ. ಹದಿನೆಂಟನೇ ನಂಬರಿನ ಸೂಜಿ ಬೇಕು, ಹೊಲಿಗೆ ಉದ್ದವಾಗಿರಬೇಕು. ಹತ್ತಿರ ಹತ್ತಿರ ಹೊಲಿದರೆ ಅಂಚೆಚೀಟಿಯಂತೆ ತೂತಿನ ಸಾಲಿನಗುಂಟ ಹರಿಯುತ್ತದೆ. ಒಮ್ಮೆ ಬಿದ್ದ ತೂತು ಮುಚ್ಚುವುದಿಲ್ಲ, ಹಾಗಾಗಿ ಗುಂಡುಸೂಜಿಯ ಬದಲು ಬಟ್ಟೆ ಒಣಗಿಸುವ ಕ್ಲಿಪ್ಪು ಹಾಕುತ್ತೇವೆ. ಯಂತ್ರದ ಪಾದಕ್ಕೆ ಹಾಳೆ ಅಂಟಿಕೊಂಡು ಮುಂದೆ ಸರಿಯದಿದ್ದರೆ ಪಾದದ ಅಡಿಗೆ ಸೆಲ್ಲೋ ಟೇಪಿನ ತುಂಡು ಅಂಟಿಸಿದರೆ ಸಾಕು. ಮುಖಗಳದ್ದೊಂದು ತಲೆನೋವು. ಯಾರ ಮುಖವನ್ನೂ ಹೆಗಲಿಗೆ ಹಾಕಿಕೊಳ್ಳಲು ಜನ ಒಪ್ಪುವುದಿಲ್ಲ, ಕಾಲೇಜು ಹುಡುಗರಿಗೆ ಮಾತ್ರ ಅರ್ಧ ಮೀಸೆ, ಒಂದು ಕಿವಿ ಕಾಣುವ ಚೀಲವೇ ಬೇಕು. ಅವರಿಗಾಗಿ ಬೇಕೆಂದೇ ಕೆಲವು ಹಾಗೆ ಕತ್ತರಿಸಿದೆವು. ಊಟದ ಡಬ್ಬಿಗೆ, ರೊಟ್ಟಿ ಕಟ್ಟಲು ಎಂದು ಕೇಳಿದವರಿಗೆ ಫ್ಲೆಕ್ಸ್ ಕೊಡಲಿಲ್ಲ. ತಿನ್ನುವ ಪದಾರ್ಥಕ್ಕೆ ತಾಗುವ ವಸ್ತುವಲ್ಲ ಅದು.

“ಕಸಕ್ಕೆ ಇನ್ನೂರಿಪ್ಪತ್ತೇ?” ಎಂದು ಫ್ಲೆಕ್ಸ್ ಚೀಲದ ಬೆಲೆಯ ಬಗ್ಗೆ ದಿನವೂ ಮಾತು ಬರುತ್ತಿತ್ತು. ಲೆಕ್ಕ ಹೀಗಿದೆ: ಫ್ಲೆಕ್ಸ್ ಪುಕ್ಕಟೆ. ದಾರ ಮತ್ತು ಹಿಡಿಕೆಯ ಪಟ್ಟಿಗೆ 35 ರೂಪಾಯಿ. ಉಜ್ಜಿ ತೊಳೆದು, ಒಣಗಿಸಿ, ಕತ್ತರಿಸಿ, ಹೊಲಿಯಲು ಎರಡು ಗಂಟೆ, ಗಂಟೆಗೆ 60ರಂತೆ 120. ಬಾಡಿಗೆ, ಕರೆಂಟ್ ಪಾಲು 30. ಒಟ್ಟು ಖರ್ಚು 185, ಮಿಕ್ಕದ್ದು ನಮ್ಮ ಉಳಿಕೆ. ಆ ಎರಡು ಗಂಟೆಯಲ್ಲಿ ಹೊಲಿಗೆಗಿಂತ ತೊಳೆಯುವುದಕ್ಕೇ ಹೆಚ್ಚು ಹೊತ್ತು ಹೋಗುತ್ತದೆ. ಇದನ್ನೆಲ್ಲ ಬಾಯಲ್ಲಿ ಹೇಳುವ ಬದಲು ಕಾಲುಯಂತ್ರವನ್ನು ಶಟರಿನ ಪಕ್ಕಕ್ಕೇ ಎಳೆದು ತಂದು, ಅದರ ಪಕ್ಕದಲ್ಲಿ ಧೂಳು ಮೆತ್ತಿದ ಬ್ಯಾನರಿನ ಸುರುಳಿಯನ್ನು ಹಾಗೆಯೇ ಇಟ್ಟೆವು. ಚೌಕಾಸಿ ನಿಲ್ಲಲಿಲ್ಲ, ಆದರೆ ಹತ್ತು ರೂಪಾಯಿ ಕಡಿಮೆ ಮಾಡಿ ಎನ್ನುವಷ್ಟಕ್ಕೆ ಇಳಿಯಿತು.

ಟ್ಯೂಬಿನ ಬೆಲ್ಟುಗಳು ಅಷ್ಟಾಗಿ ಹೋಗಲಿಲ್ಲ. ಎಷ್ಟು ತೊಳೆದರೂ ರಬ್ಬರಿನ ವಾಸನೆ ಉಳಿಯುತ್ತದೆ. ಚೀಲದ ಹಿಡಿಕೆಯಾಗಿ ಮಾತ್ರ ಅವು ಭದ್ರ. ಖಣದ ಪರ್ಸುಗಳು ದೀಪಾವಳಿಗೆ ವಾರವಿರುವಾಗಲೇ ಮುಗಿದವು. ದರ್ಜಿಗಳು ಮೊದಲು ಹಾಗೇ ಕೊಡುತ್ತಿದ್ದ ಚೂರಿಗೆ ಈಗ ಕಿಲೋ ಲೆಕ್ಕ ಹೇಳತೊಡಗಿದ್ದಾರೆ, ಅದು ನ್ಯಾಯವೇ. ಉಳಿದ ಫ್ಲೆಕ್ಸ್ ಚೀಲಗಳನ್ನು ಒಂದು ಪುಸ್ತಕದಂಗಡಿಯಲ್ಲಿ, ಮಾರಿದ್ದಕ್ಕೆ ನೂರಕ್ಕೆ ಇಪ್ಪತ್ತು ಅವರಿಗೆ ಎಂದು ಇಟ್ಟಿದ್ದೇವೆ. ಕೀಲಿ ಕೊಟ್ಟ ಮೇಲೂ ಸೀರೆಗಂಟು ಹಿಡಿದು ಆ ಶಟರಿನ ಮುಂದೆ ಬರುವವರಿದ್ದಾರೆ. ಹೊಸ ಬಾಡಿಗೆದಾರರು ಬೇಸರವಿಲ್ಲದೆ ನಮ್ಮ ಓಣಿಯ ದಾರಿ ತೋರಿಸುತ್ತಾರೆ. ಅವರ ತಾಯಿಯ ಕೌದಿಯೂ ನಮ್ಮಲ್ಲೇ ಹೊಲಿಗೆಯಲ್ಲಿದೆ.