ಹಾಡಿನ ಮಧ್ಯೆ ಚಟಪಟ ಅನ್ನದ ಲ್ಯಾಪ್‌ಟಾಪ್ ಹುಡುಕಿದ್ದು

ಎರಡನೇ ಹಾಡಿನ ಚರಣದಲ್ಲಿದ್ದೆವು. ನನ್ನ ಕೀಬೋರ್ಡಿಗೆ ಲ್ಯಾಪ್‌ಟಾಪ್ ಜೋಡಿಸಿದ್ದೆ, ಕೀ ಒತ್ತಿದರೆ ಸ್ವರ ಹುಟ್ಟುವುದು ಅದರೊಳಗೆ. ನನ್ನ ಎಡಗೈ ಸ್ಟ್ರಿಂಗ್ಸ್ (ಪಿಟೀಲು ಮೇಳದ ಸದ್ದು) ಹಿಡಿದಿತ್ತು, ಬಲಗೈ ಪಿಯಾನೋ ನುಡಿಸುತ್ತಿತ್ತು. ಇದ್ದಕ್ಕಿದ್ದಂತೆ ಸ್ಪೀಕರಿನಿಂದ ಒಣ ಕಡ್ಡಿ ಬೆಂಕಿಗೆ ಹಾಕಿದ ಹಾಗೆ ಚಟಪಟ ಸದ್ದು. ಹಾಡುತ್ತಿದ್ದವರು ಒಮ್ಮೆ ತಿರುಗಿ ನೋಡಿದರು. ನಾನು ಸುಮ್ನೆ ನಕ್ಕೆ, ಇನ್ನೇನು ಮಾಡೋದು?

ಆ ಲ್ಯಾಪ್‌ಟಾಪ್ ತಗೊಂಡು ಎರಡು ತಿಂಗಳೂ ಆಗಿರಲಿಲ್ಲ. ತೆಳ್ಳಗೆ, ಹಗುರವಾಗಿ, ಚೆಂದಕ್ಕಿತ್ತು. ಮನೆಯಲ್ಲಿ ಒಂದು ದಿನವೂ ತಕರಾರು ಮಾಡಿರಲಿಲ್ಲ. ಮಾರನೇ ದಿನ ಲೇಟೆನ್ಸಿಮಾನ್ ಅನ್ನೋ ಪ್ರೋಗ್ರಾಂ ಹಾಕಿ ಅರ್ಧ ಗಂಟೆ ಓಡಿಸಿದೆ. ವಿಂಡೋಸ್‌ನಲ್ಲಿ ಯಾವ ಡ್ರೈವರ್ (ಯಂತ್ರದ ಒಂದೊಂದು ಭಾಗವನ್ನು ನಡೆಸುವ ಸಾಫ್ಟ್‌ವೇರ್) ಪ್ರೊಸೆಸರನ್ನು ಎಷ್ಟು ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ ಅಂತ ಅದು ತೋರಿಸುತ್ತದೆ. ಪದೇ ಪದೇ ಸಿಕ್ಕಿಬಿದ್ದಿದ್ದು ವೈಫೈ ಡ್ರೈವರ್.

ಇಲ್ಲಿ ಒಂದು ಲೆಕ್ಕ ಹೇಳಲೇಬೇಕು. ಸೆಕೆಂಡಿಗೆ 48,000 ಸ್ಯಾಂಪಲ್ (ಸದ್ದಿನ ಚಿಕ್ಕ ಚಿಕ್ಕ ಅಳತೆ), ಬಫರ್ (ಒಂದು ಸರದಿಗೆ ತಯಾರಿಸುವ ಸ್ಯಾಂಪಲ್‌ಗಳ ಸಂಖ್ಯೆ) 128 ಅಂತ ಇಟ್ಟರೆ ಕಂಪ್ಯೂಟರಿಗೆ ಸಿಗುವುದು ಸುಮಾರು 2.7 ಮಿಲಿಸೆಕೆಂಡ್. ಅಷ್ಟರೊಳಗೆ ಒತ್ತಿದ ಎಲ್ಲ ಕೀಗಳ ಸ್ವರ, ಅದರ ಮೇಲಿನ ರಿವರ್ಬ್ ಅನ್ನೋ ಪ್ರತಿಧ್ವನಿ, ಎಲ್ಲವನ್ನೂ ಲೆಕ್ಕ ಹಾಕಿ ಕೊಡಬೇಕು. ಮತ್ತೆ ಮುಂದಿನ 2.7. ಹೀಗೆ ಕಾರ್ಯಕ್ರಮ ಮುಗಿಯುವವರೆಗೆ. ಮಧ್ಯದಲ್ಲಿ ಬೇರೆ ಡ್ರೈವರ್ ಯಾವುದಾದರೂ ಮೂರು ಮಿಲಿಸೆಕೆಂಡ್ ಅಡ್ಡ ಬಂದರೆ ಆ ಸರದಿ ಖಾಲಿ ಹೋಗುತ್ತದೆ. ಅದೇ ಆ ಚಟ್ ಸದ್ದು. ಬ್ರೌಸರ್ ಮೂರು ಮಿಲಿಸೆಕೆಂಡ್ ತಡ ಮಾಡಿದರೆ ಯಾರಿಗೆ ಗೊತ್ತಾಗುತ್ತದೆ? ಹಾಗಾಗಿ ಬೇರೆ ಕೆಲಸಕ್ಕೆ ತುಂಬಾ ವೇಗ ಅನ್ನಿಸಿಕೊಂಡ ಮೆಷಿನ್ ವೇದಿಕೆಯಲ್ಲಿ ಕೈಕೊಡಬಹುದು.

ವೈಫೈ ಆಫ್ ಮಾಡಿದ ಮೇಲೆ ಮುಕ್ಕಾಲು ಪಾಲು ಸದ್ದು ನಿಂತಿತು. ಆದರೆ ಎರಡು ಗಂಟೆಯ ಕಾರ್ಯಕ್ರಮದ ಕೊನೆಕೊನೆಗೆ ಮತ್ತೆ ಶುರು. ಮೈ ತೆಳ್ಳಗಿದ್ದಷ್ಟೂ ಬಿಸಿ ಹೊರಗೆ ಹೋಗುವುದು ಕಷ್ಟ. ಬಿಸಿ ಏರಿದರೆ ಪ್ರೊಸೆಸರ್ ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ. ಮನೆಯಲ್ಲಿ ನಾನು ಒಂದೇ ಸಮ ಹತ್ತು ನಿಮಿಷಕ್ಕಿಂತ ಜಾಸ್ತಿ ನುಡಿಸಿದ್ದೇ ಇಲ್ಲ, ಅದಕ್ಕೇ ಗೊತ್ತಾಗಿರಲಿಲ್ಲ.

ಎರಡನೇ ಸಲ ಬುದ್ಧಿ ಬಂದಿತ್ತು. ಅಂಗಡಿಗೆ ಹೋಗುವ ಮೊದಲು ನನಗೆ ಬೇಕಾದ್ದೇನು ಅಂತ ಬರೆದುಕೊಂಡೆ: ಒಂದು ಪಿಯಾನೋ, ಒಂದು ಸ್ಟ್ರಿಂಗ್ಸ್, ಒಂದು ಆರ್ಗನ್, ನಾಲ್ಕು ಹಾಡಿಗೆ ಟ್ರ್ಯಾಕ್ (ಮೊದಲೇ ರೆಕಾರ್ಡ್ ಮಾಡಿದ ಹಿನ್ನೆಲೆ ಸಂಗೀತ). ಅಷ್ಟೇ. ರೆಕಾರ್ಡಿಂಗ್ ಇಲ್ಲ, ವಿಡಿಯೋ ಇಲ್ಲ. ಇಷ್ಟಕ್ಕೆ 8 ಜಿಬಿ ರ‍್ಯಾಮ್ ನಡೆಯುತ್ತದೆ, 16 ಇದ್ದರೆ ನಿರಾಳ. ಎಸ್‌ಎಸ್‌ಡಿ ಮಾತ್ರ ಇರಲೇಬೇಕು. ದೊಡ್ಡ ಪಿಯಾನೋ ಲೈಬ್ರರಿಗಳು ನುಡಿಸುವಾಗಲೇ ಡಿಸ್ಕಿನಿಂದ ರೆಕಾರ್ಡ್ ಮಾಡಿಟ್ಟ ಸ್ವರಗಳನ್ನು ಎಳೆದುಕೊಳ್ಳುತ್ತವೆ, ಹಳೇ ಹಾರ್ಡ್ ಡಿಸ್ಕ್ ಅದಕ್ಕೆ ಸಾಲದು. ಪ್ರೊಸೆಸರಿನಲ್ಲಿ ಎಷ್ಟು ಕೋರ್ ಇದೆ ಅಂತ ಎಣಿಸುವುದಕ್ಕಿಂತ ಒಂದೊಂದು ಕೋರ್ ಎಷ್ಟು ಚುರುಕು ಅಂತ ನೋಡಿದೆ. ಒಂದು ವಾದ್ಯ, ಅದರ ಹಿಂದೆ ಸಾಲಾಗಿ ಎಫೆಕ್ಟುಗಳು ಅಂದರೆ ಅದು ಹೆಚ್ಚಾಗಿ ಒಂದೇ ಕೋರಿನ ಮೇಲೆ ಬೀಳುವ ಭಾರ.

ಕೊನೆಗೆ ಆರಿಸಿದ್ದು ಆಫೀಸುಗಳಲ್ಲಿ ಬಳಸಿ ಬಿಟ್ಟ, ದಪ್ಪನೆಯ, ಐದು ವರ್ಷ ಹಳೆಯ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್. ನೋಡೋಕೆ ಇಟ್ಟಿಗೆ ಥರ ಇದೆ. ಫ್ಯಾನ್ ಜೋರಾಗಿ ಕೂಗುತ್ತದೆ, ಪಕ್ಕದಲ್ಲಿ ಡ್ರಮ್ಸ್ ಇರುವಾಗ ಅದು ಯಾರಿಗೆ ಕೇಳಬೇಕು!

ಅದನ್ನು ಪರೀಕ್ಷೆ ಮಾಡಿದ ರೀತಿ ಹೇಳುತ್ತೇನೆ. ಆಡಿಯೋ ಇಂಟರ್‌ಫೇಸ್ (ಲ್ಯಾಪ್‌ಟಾಪಿನ ಸದ್ದನ್ನು ಹೊರಗೆ ಕೊಡುವ ಪೆಟ್ಟಿಗೆ), ಚಿಕ್ಕ ಕೀಬೋರ್ಡ್, ಸಸ್ಟೇನ್ ಪೆಡಲ್, ಹೆಡ್‌ಫೋನ್ ಎಲ್ಲ ಚೀಲದಲ್ಲಿ ಹಾಕಿಕೊಂಡೇ ಹೋದೆ. ಒಂದು ಗಂಟೆ ಟೈಮ್ ಬೇಕು ಅಂತ ಮೊದಲೇ ಹೇಳಿದ್ದೆ. ನನ್ನ ಅತಿ ಭಾರದ ಪ್ಯಾಚ್ (ವಾದ್ಯ, ಎಫೆಕ್ಟುಗಳ ಜೋಡಣೆ) ತೆರೆದು, ಪೆಡಲ್ ಒತ್ತಿ ಹಿಡಿದು, ಎರಡೂ ಮುಂಗೈಗಳನ್ನು ಕೀಗಳ ಮೇಲೆ ಅಡ್ಡಡ್ಡ ಊರಿದೆ. ಮಾರುವವರು ಗಾಬರಿಯಾಗಿ ನೋಡಿದರು. ಸ್ವರ ಮೊಳಗುತ್ತಿರುವಾಗಲೇ ಯುಎಸ್‌ಬಿ ಕೇಬಲನ್ನು ಪೋರ್ಟಿನ ಹತ್ತಿರ ಹಿಡಿದು ಮೆಲ್ಲಗೆ ಅಲುಗಾಡಿಸಿದೆ. ಮೊದಲು ತೋರಿಸಿದ ಲ್ಯಾಪ್‌ಟಾಪ್‌ನಲ್ಲಿ ಇಷ್ಟಕ್ಕೇ ಸದ್ದು ಕಡಿದುಹೋಯಿತು, ಪೋರ್ಟ್ ಸಡಿಲವಾಗಿತ್ತು. ಇದರಲ್ಲಿ ಏನೂ ಆಗಲಿಲ್ಲ. ಆಮೇಲೆ ಚಾರ್ಜರ್ ತೆಗೆದು ಬ್ಯಾಟರಿ ಎಷ್ಟು ಹೊತ್ತು ನಿಲ್ಲುತ್ತದೆ ನೋಡಿದೆ. ಕರೆಂಟ್ ಹೋದಾಗ ಅಥವಾ ಯಾರದೋ ಕಾಲು ಪ್ಲಗ್ಗಿಗೆ ತಗುಲಿದಾಗ ಅದೇ ದಿಕ್ಕು.

ಚಾರ್ಜರ್ ಹಾಕಿದಾಗ ಗುಂಯ್ ಅನ್ನುವ ಸದ್ದು ಬಂದರೆ ಅದು ಬಹುತೇಕ ಗ್ರೌಂಡ್ ಲೂಪ್ (ಎರಡು ದಾರಿಯಲ್ಲಿ ಅರ್ತ್ ಸೇರಿಕೊಂಡು ಆಗುವ ತೊಂದರೆ), ಲ್ಯಾಪ್‌ಟಾಪ್ ಕೆಟ್ಟಿದೆ ಅಂತಲ್ಲ. ಇಂಟರ್‌ಫೇಸಿಗೂ ಮಿಕ್ಸರಿಗೂ ನಡುವೆ ಡಿಐ ಬಾಕ್ಸ್ (ಸಿಗ್ನಲ್ಲನ್ನು ಮಿಕ್ಸರಿಗೆ ಹೊಂದಿಸುವ ಚಿಕ್ಕ ಪೆಟ್ಟಿಗೆ) ಇಟ್ಟು ಅದರ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿದರೆ ಸಾಮಾನ್ಯವಾಗಿ ಹೋಗುತ್ತದೆ. ಪ್ಲಗ್ಗಿನ ಅರ್ತ್ ಪಿನ್ ಮುರಿಯುವ ಉಪಾಯವನ್ನು ಯಾರಾದರೂ ಹೇಳಿದರೆ ಕೇಳಬೇಡಿ. ಅದು ಜೀವಕ್ಕೇ ಅಪಾಯ.

ಎಲ್ಲ ದುಡ್ಡನ್ನೂ ಲ್ಯಾಪ್‌ಟಾಪಿಗೇ ಸುರಿಯಬೇಡಿ ಅಂತ ನನ್ನ ಮಾತು. ವಿಂಡೋಸ್ ಆದರೆ ಸ್ವಂತ ಆಸಿಯೋ ಡ್ರೈವರ್ (ಸದ್ದಿನ ತಡ ಕಡಿಮೆ ಮಾಡುವಂಥದ್ದು) ಇರುವ ಇಂಟರ್‌ಫೇಸಿಗೆ ಒಂದಿಷ್ಟು ಎತ್ತಿಡಿ. ಲ್ಯಾಪ್‌ಟಾಪಿನ ಹೆಡ್‌ಫೋನ್ ಕಿಂಡಿಯಿಂದ ಆಸಿಯೋ4ಆಲ್ ಅನ್ನೋ ಸಾಮಾನ್ಯ ಡ್ರೈವರ್ ಹಾಕಿಕೊಂಡು ಹೇಗೋ ನಡೆಸಬಹುದು, ವೇದಿಕೆಯಲ್ಲಿ ನನಗೆ ಅದರ ಮೇಲೆ ನಂಬಿಕೆ ಇಲ್ಲ.

ಟ್ಯಾಬ್ಲೆಟ್ ಸಾಕಾಗಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಐಪ್ಯಾಡ್ ಆದರೆ ಸಾಕಾಗಬಹುದು, ಹಳೆಯದಾದರೂ ಸರಿ. ಮ್ಯಾಕ್‌ನಲ್ಲಿ ಸದ್ದು ನಿಭಾಯಿಸುವ ಕೋರ್ ಆಡಿಯೋ ಅದರಲ್ಲೂ ಇದೆ, ಬೇರೆ ಡ್ರೈವರ್ ಹುಡುಕುವ ಕೆಲಸವಿಲ್ಲ. ಗ್ಯಾರೇಜ್‌ಬ್ಯಾಂಡ್ ಬಿಟ್ಟಿ ಸಿಗುತ್ತದೆ. ಎಯುಎಂ ಥರದ ಆ್ಯಪ್ ಹಾಕಿದರೆ ಹಲವು ವಾದ್ಯಗಳನ್ನು ಒಟ್ಟಿಗೆ ಜೋಡಿಸಬಹುದು. ಆದರೆ ನಿಮಗೆ ಬೇಕಾದ ಆ್ಯಪ್ ಆ ಹಳೇ ಐಪ್ಯಾಡಿನ ಸಾಫ್ಟ್‌ವೇರಿನಲ್ಲಿ ಓಡುತ್ತದಾ ಅಂತ ಮೊದಲು ನೋಡಿ. ಇರುವ ಒಂದೇ ಕಿಂಡಿಯಲ್ಲಿ ಚಾರ್ಜರ್ ಮತ್ತು ಇಂಟರ್‌ಫೇಸ್ ಎರಡೂ ಒಟ್ಟಿಗೆ ಸಿಕ್ಕಿಸಲು ಅಡಾಪ್ಟರ್ ಅಥವಾ ಹಬ್ ಬೇಕು, ಅದರ ಖರ್ಚನ್ನೂ ಸೇರಿಸಿಕೊಳ್ಳಿ. ಆಂಡ್ರಾಯ್ಡ್‌ನಲ್ಲಿ ಕೀ ಒತ್ತಿದ ಮೇಲೆ ಸದ್ದು ಬರಲು ಹಿಡಿಯುವ ಸಮಯ ಒಂದೊಂದು ಮಾಡೆಲ್‌ನಲ್ಲಿ ಒಂದೊಂದು ಥರ. ಹಾಗಾಗಿ ನಾನು ಅದರಲ್ಲಿ ವಾದ್ಯ ನುಡಿಸುವುದಿಲ್ಲ. ಸಾಹಿತ್ಯ, ಕಾರ್ಡ್ಸ್ (ಸ್ವರಗುಚ್ಛ) ನೋಡೋಕೆ ಮಾತ್ರ ಒಂದು ಅಗ್ಗದ 10 ಇಂಚಿನ ಆಂಡ್ರಾಯ್ಡ್ ಟ್ಯಾಬ್ಲೆಟ್ ಇದೆ. ಬ್ಲೂಟೂತ್ ಪೆಡಲ್ ಒತ್ತಿದರೆ ಪುಟ ತಿರುಗುತ್ತದೆ. ಪುಟಕ್ಕೆ ಬ್ಲೂಟೂತ್ ಸರಿ, ಸದ್ದಿಗೆ ಬೇಡವೇ ಬೇಡ. ಬ್ಲೂಟೂತ್ ಹೆಡ್‌ಫೋನ್ ಹಾಕಿ ನುಡಿಸಿ ನೋಡಿ, ಬೆರಳು ಒಂದು ಕಡೆ, ತಾಳ ಇನ್ನೊಂದು ಕಡೆ. ಒಮ್ಮೆ ಬಿಸಿಲಲ್ಲಿ ಕಾರ್ಯಕ್ರಮ ಇದ್ದಾಗ ಆ ಟ್ಯಾಬ್ಲೆಟ್ ಬಿಸಿಯಾಗಿ ಪರದೆ ಮಂಕಾಗಿ ಏನೂ ಕಾಣಲಿಲ್ಲ. ಈಗ ಚೀಲದಲ್ಲಿ ಕಾಗದದ ಪ್ರತಿಯೂ ಇರುತ್ತದೆ.

ಲ್ಯಾಪ್‌ಟಾಪ್ ಮನೆಗೆ ಬಂದ ಮೇಲೆ ಮಾಡಿದ್ದು ಸ್ವಲ್ಪವೇ. ಪವರ್ ಪ್ಲಾನ್ ಹೈ ಪರ್ಫಾರ್ಮೆನ್ಸ್‌ಗೆ ಇಟ್ಟೆ. ಯುಎಸ್‌ಬಿ ಪೋರ್ಟುಗಳನ್ನು ಮಲಗಿಸುವ ಸೆಟ್ಟಿಂಗ್ ಆಫ್ ಮಾಡಿದೆ. ಅಪ್‌ಡೇಟ್ ತಡೆದಿಟ್ಟು, ಕಾರ್ಯಕ್ರಮ ಇಲ್ಲದ ವಾರದಲ್ಲಿ ಮಾತ್ರ ಬಿಡುತ್ತೇನೆ. ವೇದಿಕೆ ಹತ್ತಿದ ಕೂಡಲೇ ಏರೋಪ್ಲೇನ್ ಮೋಡ್. ಬಫರ್ 256. ಅಂದರೆ ಸುಮಾರು 5.3 ಮಿಲಿಸೆಕೆಂಡ್, ಇಂಟರ್‌ಫೇಸಿನದ್ದು ಸೇರಿ ಇನ್ನೊಂದಿಷ್ಟು. 64ಕ್ಕೆ ಇಳಿಸಲೇಬೇಕು ಅಂತ ಒದ್ದಾಡುವವರಿಗೆ ಒಂದು ಮಾತು: ಗಾಳಿಯಲ್ಲಿ ಸದ್ದು ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡ್ ಬೇಕು. ಸ್ಪೀಕರಿನಿಂದ ಎರಡು ಹೆಜ್ಜೆ ಹಿಂದೆ ನಿಂತರೂ ಅಷ್ಟೇ ತಡ ಆಗುತ್ತದೆ, ಅಲ್ವಾ?

ಇಷ್ಟಾದರೂ ಕೀಬೋರ್ಡಿನ ಸ್ವಂತ ಸದ್ದನ್ನು ಮಿಕ್ಸರಿನ ಪಕ್ಕದ ಚಾನಲ್ಲಿಗೆ ಕೊಟ್ಟೇ ಇರುತ್ತೇನೆ, ಫೇಡರ್ (ಸದ್ದು ಏರಿಳಿಸುವ ಗುಂಡಿ) ಕೆಳಗಿಟ್ಟು. ಈ ಮೂರು ವರ್ಷದಲ್ಲಿ ಅದನ್ನು ಒಂದು ಸಲ ಮಾತ್ರ ಏರಿಸಬೇಕಾಯಿತು, ಅದೂ ಗಿಟಾರಿನವರು ಯುಎಸ್‌ಬಿ ಕೇಬಲ್ ಎಡವಿದ್ದಕ್ಕೆ. ಅವತ್ತಿನಿಂದ ಕೇಬಲನ್ನು ಸ್ಟ್ಯಾಂಡಿನ ಕಾಲಿಗೆ ಟೇಪ್ ಸುತ್ತಿ ಕಟ್ಟುತ್ತಿದ್ದೇನೆ.